ಸರಾಯೆವೊದ ಸುರಂಗ ವಸ್ತುಸಂಗ್ರಹಾಲಯ: ಬೆನ್ನು ಬಾಗಿಸಿ ನೋಡಬೇಕಾದ ತಾಣ

ಬೋಸ್ನಿಯಾದ ರಾಜಧಾನಿ ಸರಾಯೆವೊ 1992ರ ಏಪ್ರಿಲ್‌ನಿಂದ 1996ರ ಫೆಬ್ರವರಿಯವರೆಗೆ, ಒಟ್ಟು 1,425 ದಿನ, ಬೋಸ್ನಿಯನ್ ಸರ್ಬ್ ಪಡೆಗಳ ಮುತ್ತಿಗೆಯಲ್ಲಿತ್ತು. ಆ ದಿನಗಳಲ್ಲಿ ನಗರಕ್ಕೆ ದವಸಧಾನ್ಯ ತಲುಪಿಸಿದ ಸುರಂಗದ ಒಂದು ತುಣುಕು ವಿಮಾನ ನಿಲ್ದಾಣದ ಹೊರಬದಿಯ ಬುಟ್ಮಿರ್‌ನಲ್ಲಿ ಉಳಿದಿದೆ. ಸುರಂಗದ ಬಾಯಿ ಇದ್ದ ಕೊಲಾರ್ ಕುಟುಂಬದ ಮನೆಯೇ, ಗುಂಡಿನ ಗುರುತು ಹೊತ್ತ ಗೋಡೆಗಳ ಸಮೇತ, ಈಗ ವಸ್ತುಸಂಗ್ರಹಾಲಯವಾಗಿದೆ.

ಮುತ್ತಿಗೆಯಲ್ಲಿದ್ದ ನಗರಕ್ಕೂ ಬೋಸ್ನಿಯಾ ಸೇನೆಯ ಹಿಡಿತದಲ್ಲಿದ್ದ ಹೊರಪ್ರದೇಶಕ್ಕೂ ನಡುವೆ ಇದ್ದ ವಿಮಾನ ನಿಲ್ದಾಣ ವಿಶ್ವಸಂಸ್ಥೆಯ ವಶದಲ್ಲಿತ್ತು. ರಾತ್ರಿ ರನ್‌ವೇ ದಾಟಿ ಓಡಲು ಯತ್ನಿಸಿದ ಅನೇಕರು ಸರ್ಬ್ ಪಡೆಗಳ ಗುಂಡಿಗೆ ಬಲಿಯಾದರು. ಹಾಗಾಗಿ 1993ರಲ್ಲಿ ಎರಡೂ ಬದಿಯಿಂದ ಗುದ್ದಲಿ, ಸಲಿಕೆಗಳಲ್ಲೇ ಅಗೆದು, ಜುಲೈ ಕೊನೆಗೆ ರನ್‌ವೇಯ ಅಡಿಯಲ್ಲಿ ಸುಮಾರು 800 ಮೀಟರ್ ಉದ್ದದ ದಾರಿ ತೆರೆದರು. ಅದರ ಅಗಲ ಸುಮಾರು 1 ಮೀಟರ್, ಎತ್ತರ ಸುಮಾರು 1.6 ಮೀಟರ್. ಸಂದರ್ಶಕರಿಗೆ ಇಂದು ತೆರೆದಿರುವುದು ಅದರ ಚಿಕ್ಕದೊಂದು ಭಾಗ ಮಾತ್ರ. ಖಾಲಿ ಕೈಯಲ್ಲಿ, ಒಣ ನೆಲದ ಮೇಲೆ, ಅಷ್ಟು ದೂರ ಬಾಗಿ ನಡೆಯುವಷ್ಟರಲ್ಲೇ ನನ್ನ ಸೊಂಟ ಹಿಡಿದುಕೊಂಡಿತು. ಹಿಟ್ಟು, ಆಲೂಗಡ್ಡೆಯ ಮೂಟೆ ಬೆನ್ನಿಗೇರಿಸಿಕೊಂಡು, ಮಳೆಗಾಲದಲ್ಲಿ ನಿಂತ ನೀರಿನಲ್ಲಿ ಕಾಲೆಳೆಯುತ್ತ ಪೂರ್ತಿ ದಾರಿ ನಡೆದವರ ಪಾಡು ಏನಿತ್ತೆಂಬುದು ಆಗ ಮೈಗೇ ತಿಳಿಯಿತು. ಯಾವ ಫಲಕವೂ ಇದನ್ನು ಹೇಳಿಕೊಡಲಾರದು.

ನನ್ನನ್ನು ಹೆಚ್ಚು ತಡೆದು ನಿಲ್ಲಿಸಿದ್ದು ಅನ್ನದ ಕಥೆ. ನೆರವಿನ ವಿಮಾನಗಳಲ್ಲಿ ಬರುತ್ತಿದ್ದುದು ಮುಖ್ಯವಾಗಿ ಅಕ್ಕಿ, ಹಿಟ್ಟು, ಹಾಲಿನ ಪುಡಿ, ಡಬ್ಬಿಯ ಮಾಂಸದಂಥ ಪದಾರ್ಥಗಳು. ತಿಂಗಳುಗಟ್ಟಲೆ ಅವನ್ನೇ ಉಂಡ ಗೃಹಿಣಿಯರು ತುರಿಕೆ ಸೊಪ್ಪನ್ನು ಕಿತ್ತು ಬೇಯಿಸಿದರು, ಹಾಲಿನ ಪುಡಿಯಿಂದ ಚೀಸ್‌ನಂಥದ್ದನ್ನು ಮಾಡಿದರು, ಮಸೂರ ಬೇಳೆ ಹುರಿದು ಕಾಫಿಯೆಂದು ಕುದಿಸಿದರು. ನೆರೆಯವರನ್ನು ಕರೆದು ಕಾಫಿ ಕೊಡುವ ಪದ್ಧತಿಯನ್ನು ಬಿಡಲು ಆ ಊರಿನವರಿಗೆ ಮನಸ್ಸಿರಲಿಲ್ಲ; ಅವರ ಮನೋಸ್ಥೈರ್ಯದ ಬೇರು ಅಲ್ಲಿಯೇ ಇತ್ತೆಂದು ನನಗನ್ನಿಸುತ್ತದೆ. ಸುರಂಗ ತೆರೆದ ಮೇಲೆ ತಾಜಾ ಪದಾರ್ಥಗಳು ಬರತೊಡಗಿ, ಕಾಳಸಂತೆಯ ಬೆಲೆ ಇಳಿಯಿತು. ಹೊರಬಂದವರಿಗೆಲ್ಲ ಲೋಟದಲ್ಲಿ ನೀರು ಕೊಡುತ್ತಿದ್ದ ಮನೆಯ ಅಜ್ಜಿ ಶಿದಾ ಕೊಲಾರ್ ಅವರನ್ನು ನಗರ ಇಂದಿಗೂ ನೆನೆಯುತ್ತದೆ.

ನಾನು ಒಂದು ಪ್ರವಾಸಿ ಸಂಸ್ಥೆಯ ಗುಂಪಿನೊಂದಿಗೆ ಹೋಗಿದ್ದೆ. ಮಾರ್ಗದರ್ಶಕರು ಸೇನೆಗಳ ನಕ್ಷೆ ವಿವರಿಸುವುದರಲ್ಲೇ ಬಹುಪಾಲು ಸಮಯ ಕಳೆದು, ಮನೆಯೊಳಗಿನ ವಸ್ತುಗಳನ್ನು ನೋಡಲು ಹತ್ತು ನಿಮಿಷವನ್ನಷ್ಟೇ ಉಳಿಸಿದರು. ಆದ್ದರಿಂದ ಮೂರನೆಯ ಸಂಖ್ಯೆಯ ಟ್ರಾಮ್ ಹಿಡಿದು ಇಲಿಜಾದಲ್ಲಿ ಇಳಿದು, ಅಲ್ಲಿಂದ ಟ್ಯಾಕ್ಸಿಯಲ್ಲಿ ಸ್ವಂತವಾಗಿ ಹೋಗುವುದು ಲೇಸು. ಎರಡು ಗಂಟೆಯಾದರೂ ಇಟ್ಟುಕೊಳ್ಳಿ. ಬೆನ್ನುನೋವು ಇರುವವರು ಸುರಂಗಕ್ಕೆ ಇಳಿಯದೆ ಮನೆಯ ಕೋಣೆಗಳನ್ನು ಮಾತ್ರ ನೋಡಬಹುದು. ಮರಳುವಾಗ ನಗರದ ಇತಿಹಾಸ ವಸ್ತುಸಂಗ್ರಹಾಲಯದ ಬಳಿ ಇಳಿದರೆ, ನೆರವಿನ ಮಾಂಸದ ಡಬ್ಬಿಯನ್ನೇ ದೊಡ್ಡದಾಗಿಸಿ 2007ರಲ್ಲಿ ನಿಲ್ಲಿಸಿದ ಸ್ಮಾರಕ ಕಾಣುತ್ತದೆ. ಒಳಗೆ, ಜನರು ತಗಡಿನಲ್ಲಿ ತಾವೇ ಮಾಡಿಕೊಂಡ ಒಲೆಗಳಿವೆ.