ನಾಯಿ ಕರೆದುಕೊಂಡು ಬನ್ನಿ ಅಂದು ನಾಲ್ಕು ವರ್ಷ: ಹೋಮ್‌ಸ್ಟೇ ನಡೆಸುವವಳ ಅನುಭವ

ಸಕಲೇಶಪುರದ ಹತ್ತಿರ ನಮ್ಮದೊಂದು ಸಣ್ಣ ಹೋಮ್‌ಸ್ಟೇ ಇದೆ. ಕಾಫಿ ತೋಟದ ನಡುವೆ ಹಳೇ ಮನೆ, ಅದಕ್ಕೆ ತಾಗಿದಂತೆ ಅತಿಥಿಗಳಿಗೆ ಎರಡು ಕೋಣೆ. ಕೋಣೆ ಬುಕ್ ಮಾಡುವ ಆಪ್ ಏರ್‌ಬಿಎನ್‌ಬಿಯಲ್ಲಿ ಸಾಕುಪ್ರಾಣಿ ತರಬಹುದು ಎಂಬ ಆಯ್ಕೆಯನ್ನು ಆನ್ ಮಾಡಿ ನಾಲ್ಕು ವರ್ಷ ದಾಟಿತು. ಮಾಡಲೋ ಬೇಡವೋ ಎಂದು ಯೋಚಿಸುತ್ತಿರುವವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ. ನಾನು ಕೊಡುವ ಅಂಕ ಐದಕ್ಕೆ ನಾಲ್ಕು.

ಆ ಒಂದು ಅಂಕ ಹೋದ ಕಥೆ ಮೊದಲು ಹೇಳುತ್ತೇನೆ.

ಎರಡನೇ ವರ್ಷದ ಮೇ ತಿಂಗಳು. ಒಂದು ಕುಟುಂಬ ಲ್ಯಾಬ್ರಡಾರ್ ಜೊತೆ ಬಂದಿತ್ತು. ತುಂಬಾ ಸಾಧು ನಾಯಿ. ಮಧ್ಯಾಹ್ನ ಅದನ್ನು ಕೋಣೆಯಲ್ಲಿ ಕೂಡಿಹಾಕಿ, ನಮಗೂ ಹೇಳದೆ ಮಂಜರಾಬಾದ್ ಕೋಟೆ ನೋಡಲು ಹೋದರು. ಸಂಜೆ ಗುಡುಗು ಶುರುವಾಯಿತು. ನಮ್ಮ ಮಲೆನಾಡಿನ ಮೇ ತಿಂಗಳ ಗುಡುಗು ಗೊತ್ತಲ್ವಾ, ಹಂಚು ನಡುಗುತ್ತದೆ. ಶಬ್ದ ಕೇಳಿ ನಾನು ಬಾಗಿಲು ತೆಗೆದಾಗ ನಾಯಿ ಮಂಚದ ಕೆಳಗೆ ನಡುಗುತ್ತಾ ಮಲಗಿತ್ತು. ಉಗುರಿನಲ್ಲಿ ರಕ್ತ. ಅಜ್ಜ ಮಾಡಿಸಿದ ಹಲಸಿನ ಮರದ ಬಾಗಿಲ ಒಳಮೈ ಪೂರ್ತಿ ಕೆರೆದುಹೋಗಿತ್ತು. ಬಾಗಿಲು ನೋಡಿ ಸಂಕಟವಾಯಿತು, ನಾಯಿ ನೋಡಿ ಅದಕ್ಕಿಂತ ಜಾಸ್ತಿ. ಗೊತ್ತಿಲ್ಲದ ಊರು, ಗೊತ್ತಿಲ್ಲದ ವಾಸನೆ, ತನ್ನವರು ವಾಪಸ್ ಬರುತ್ತಾರೋ ಇಲ್ಲವೋ ತಿಳಿಯದು. ಅದು ಇನ್ನೇನು ಮಾಡಬೇಕಿತ್ತು?

ಅವತ್ತಿನಿಂದ ನಮ್ಮಲ್ಲಿ ಒಂದು ನಿಯಮಕ್ಕೆ ರಿಯಾಯಿತಿ ಇಲ್ಲ. ನಾಯಿಯನ್ನು ಕೋಣೆಯಲ್ಲಿ ಒಂಟಿಯಾಗಿ ಬಿಟ್ಟು ಹೋಗುವಂತಿಲ್ಲ. ಊರು ಸುತ್ತಬೇಕಾದರೆ ಜೊತೆಗೆ ಒಯ್ಯಬೇಕು, ಇಲ್ಲಾ ಒಬ್ಬರು ಉಳಿಯಬೇಕು. ನಾಲ್ಕು ವರ್ಷದಲ್ಲಿ ಹಾಳಾದ ದಿಂಬು, ಪರದೆ, ಬಾಗಿಲು ಎಲ್ಲಾ ಲೆಕ್ಕ ಹಾಕಿದರೆ ಹೆಚ್ಚುಕಡಿಮೆ ಅಷ್ಟೂ ಆದದ್ದು ನಾಯಿ ಒಂಟಿಯಾಗಿದ್ದಾಗಲೇ. ಈ ನಿಯಮ ಬಂದ ಮೇಲೆ ಹೇಳಿಕೊಳ್ಳುವಂಥ ನಷ್ಟ ಆಗಿಲ್ಲ.

ಬುಕಿಂಗ್ ಬಂದ ಕೂಡಲೇ ಫೋನ್ ಮಾಡುತ್ತೇನೆ. ವಯಸ್ಸೆಷ್ಟು, ರೇಬೀಸ್ ಲಸಿಕೆ ಈ ವರ್ಷದ್ದು ಆಗಿದೆಯಾ, ಬೇರೆ ನಾಯಿ ಕಂಡರೆ ಹೇಗೆ ಅಂತ ಕೇಳುತ್ತೇನೆ. ಹತ್ತು ನಿಮಿಷದ ಮಾತಿನಲ್ಲಿ ನಾಯಿಗಿಂತ ಅದರ ಮನೆಯವರ ಸ್ವಭಾವವೇ ತಿಳಿಯುತ್ತದೆ. ನಮ್ಮ ಮನೆಯ ನಾಯಿ ಕರಿಯನನ್ನು ಹೊಸ ನಾಯಿಗೆ ಅಂಗಳದಲ್ಲಿ ಪರಿಚಯ ಮಾಡಿಸಬಾರದು, ಅದು ಅವನ ಜಾಗ. ಗೇಟಿನ ಹೊರಗೆ, ರಸ್ತೆಯಲ್ಲಿ, ಎರಡಕ್ಕೂ ಹಗ್ಗ ಹಾಕಿ ಸ್ವಲ್ಪ ದೂರ ಜೊತೆಗೆ ನಡೆಸಿದರೆ ಜಗಳ ತುಂಬಾ ಕಡಿಮೆ.

ತೋಟದವರು ಒಂದು ವಿಷಯ ದಯವಿಟ್ಟು ಗಮನಿಸಿ. ಬಸವನಹುಳುವಿಗೆ ಇಡುವ ಮೆಟಾಲ್ಡಿಹೈಡ್ ಗುಳಿಗೆ ನಾಯಿಗೂ ವಿಷ. ಅದಕ್ಕೆ ಬೆರೆಸುವ ತವುಡು, ಬೆಲ್ಲದ ವಾಸನೆಗೆ ನಾಯಿ ಬಾಯಿ ಹಾಕುತ್ತದೆ. ಅದನ್ನು ಇಟ್ಟಿರುವ ದಿನಗಳಲ್ಲಿ ನಾನು ನಾಯಿ ಇರುವ ಬುಕಿಂಗ್ ತೆಗೆದುಕೊಳ್ಳುವುದೇ ಇಲ್ಲ. ಕೊಯ್ಲಿನ ಕಾಲದಲ್ಲಿ ಕಾಫಿ ಒಣಗಿಸುವ ಕಣದ ಹತ್ತಿರವೂ ನಾಯಿಯನ್ನು ಬಿಡುವುದಿಲ್ಲ, ಕಾಫಿಯ ಕೆಫೀನ್ ನಾಯಿಗೆ ಆಗದು. ಕತ್ತಲಾದ ಮೇಲೆ ನಾಯಿ ಹೊರಗೆ ಒಂಟಿಯಾಗಿ ಇರಬಾರದು. ಇದು ಚಿರತೆ ಓಡಾಡುವ ಸೀಮೆ. ನಗರದಿಂದ ಬಂದವರಿಗೆ ಇದು ಹೊಳೆಯುವುದಿಲ್ಲ, ನಾವೇ ಹೇಳಬೇಕು. ತೋಟ ಸುತ್ತಿ ಬಂದ ಮೇಲೆ ಕಿವಿ, ಬೆರಳಿನ ಸಂದು ನೋಡಿ ರಕ್ತ ಹೀರುವ ಉಣ್ಣೆಹುಳು ತೆಗೆಯಿರಿ ಅಂತಲೂ ಹೇಳುತ್ತೇನೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಕಾಣಿಸಿದ ಮಂಗನ ಕಾಯಿಲೆ ಮನುಷ್ಯರಿಗೆ ಬರುವುದು ಹೆಚ್ಚಾಗಿ ಕಾಡಿನ ಉಣ್ಣೆ ಕಚ್ಚಿ. ಮಲೆನಾಡಿನಲ್ಲಿ ಉಣ್ಣೆಯನ್ನು ಹಗುರವಾಗಿ ನೋಡಬಾರದು.

ಕ್ಲೀನಿಂಗ್ ನಾನು ಅಂದುಕೊಂಡಷ್ಟು ಕಷ್ಟವಾಗಲಿಲ್ಲ. ರೆಡ್ ಆಕ್ಸೈಡ್ ನೆಲ ಒಂದೇ ಸಲಕ್ಕೆ ಒರೆಸಿಕೊಳ್ಳುತ್ತದೆ. ಮೊದಲು ಫಿನಾಯಿಲ್ ಹಾಕುತ್ತಿದ್ದೆ. ಮೂತ್ರದ ವಾಸನೆ ಅದರಿಂದ ಪೂರ್ತಿ ಹೋಗುವುದಿಲ್ಲ, ಇನ್ನೊಂದು ನಾಯಿ ಬಂದು ಅದೇ ಜಾಗದಲ್ಲಿ ಕಾಲೆತ್ತುತ್ತದೆ. ಮೇಲಾಗಿ ಫಿನಾಯಿಲ್ ಬೆಕ್ಕಿಗೆ ವಿಷ. ಈಗ ಎನ್‌ಜೈಮ್ ಇರುವ ಕ್ಲೀನರ್ ತರಿಸುತ್ತೇನೆ. ಹಾಸಿಗೆಗೆ ನೀರು ಇಳಿಯದ ಕವರ್, ನಾಯಿಗೆ ಅಂತಲೇ ಹಳೇ ಜಮಖಾನ. ಅಷ್ಟು ಸಾಕು.

ಇನ್ನೊಂದು ಕೋಣೆಗೆ ಯಾವ ಪ್ರಾಣಿಯನ್ನೂ ಬಿಟ್ಟಿಲ್ಲ. ಅಲರ್ಜಿ ಇರುವವರಿಗೆ, ನಾಯಿ ಅಂದರೆ ಭಯ ಇರುವವರಿಗೆ ಅದು ಬೇಕು.

ದುಡ್ಡಿನ ವಿಷಯ. ಆಪ್‌ನಲ್ಲಿ ಪೆಟ್ ಫೀ ಬೇರೆಯಾಗಿ ಹಾಕಬಹುದು. ನಾನು ಒಂದು ವಾಸ್ತವ್ಯಕ್ಕೆ 600 ರೂಪಾಯಿ ಇಟ್ಟಿದ್ದೇನೆ, ತೊಳೆಯುವ ಖರ್ಚಿಗೆ ಸರಿಹೋಗುತ್ತದೆ. ಕಣ್ಣು ಕಾಣದವರ ಜೊತೆ ಬರುವ ನಾಯಿಯಂಥ ಸೇವಾ ಪ್ರಾಣಿಗಳು ಪೆಟ್ ಲೆಕ್ಕಕ್ಕೆ ಬರುವುದಿಲ್ಲ, ಅವಕ್ಕೆ ಫೀ ಕೇಳುವಂತಿಲ್ಲ. ನಿಜವಾದ ಲಾಭ ಮಳೆಗಾಲದಲ್ಲಿ. ಜುಲೈ, ಆಗಸ್ಟ್‌ನಲ್ಲಿ ಖಾಲಿ ಇರುತ್ತಿದ್ದ ಕೋಣೆಗೆ ಈಗ ನಾಯಿ ಇರುವವರು ಬರುತ್ತಾರೆ, ಮತ್ತೆ ಮತ್ತೆ ಬರುತ್ತಾರೆ. ಎಲ್ಲೂ ಸೇರಿಸದೆ ಇದ್ದಾಗ ನೀವು ಸೇರಿಸಿದಿರಿ ಅಂತ ಒಬ್ಬರು ಹೇಳಿದ್ದು ಇನ್ನೂ ನೆನಪಿದೆ.

ಆ ಹಲಸಿನ ಬಾಗಿಲನ್ನು ಉಜ್ಜಿಸಿ ಪಾಲಿಶ್ ಮಾಡಿಸಿದೆ. ಈ ವರ್ಷ ಮಳೆ ಹಿಡಿಯುವ ಮೊದಲು ಅಂಗಳಕ್ಕೆ ಐದಡಿ ಎತ್ತರದ ಬೇಲಿ ಹಾಕಿಸುತ್ತಿದ್ದೇನೆ, ಹಗಲು ಹೊತ್ತು ನಾಯಿಗಳು ಹಗ್ಗ ಇಲ್ಲದೆ ಓಡಲಿ ಅಂತ.