ಕಾಳಗದಲ್ಲಿ ದೂರ ಅಳೆಯುವುದು: ಚೌಕ, ಷಟ್ಕೋನ, ದಾರ, ವಲಯ

ಪಾತ್ರ ವಹಿಸಿ ಆಡುವ ಮೇಜಿನ ಆಟ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಐದನೇ ಆವೃತ್ತಿಯ (2014) ಒಂದೇ ಕಾಳಗವನ್ನು ನಾಲ್ಕು ಅಳತೆಗಳಲ್ಲಿ ಆಡಿ ನೋಡಿದ ಹೋಲಿಕೆ ಇದು. ಪಾತ್ರಗಳ ವೇಗ ಸರದಿಗೆ 30 ಅಡಿ, ಎದುರಿಗೆ ಬಿಲ್ಲುಗಾರರು, ಕೈಯಲ್ಲಿ ಫೈರ್‌ಬಾಲ್ ಮಂತ್ರ.

ಕೋಣೆಯೊಳಗಿನ ಕಾಳಗಕ್ಕೆ ಚೌಕದ ಹಾಳೆಯೇ ಮೇಲು. ಒಂದು ಇಂಚಿನ ಮನೆಗೆ 5 ಅಡಿ, ಸರದಿಗೆ ಆರು ಮನೆ. ತೊಡಕಿರುವುದು ಓರೆ ನಡೆಯಲ್ಲಿ. ಓರೆಗೂ 5 ಅಡಿಯೇ ಎಂದು ಎಣಿಸಿದರೆ, ಆರು ಮನೆ ಓರೆಗೆ ಹೋದವನು ನಿಜಕ್ಕೆ 42 ಅಡಿ ದಾಟಿರುತ್ತಾನೆ. ಮಂತ್ರದ ಅಂಚನ್ನೂ ಹಾಗೇ ಗುರುತಿಸಿದರೆ, 20 ಅಡಿ ತ್ರಿಜ್ಯದ ಫೈರ್‌ಬಾಲ್ ಸುಮಾರು 50 ಮನೆಗಳ ಬದಲು 64 ಮನೆ ಸುಡುತ್ತದೆ. ವೃತ್ತ ಹೋಗಿ ಚೌಕವಾಗುತ್ತದೆ. ಮೊದಲ ಓರೆಗೆ 5, ಎರಡನೆಯದಕ್ಕೆ 10, ಮತ್ತೆ 5 ಎಂಬ ಎಣಿಕೆ ಇದಕ್ಕೆ ಮದ್ದು. ನಾಲ್ಕು ಓರೆಗೆ 30 ಅಡಿ ಮುಗಿಯುತ್ತದೆ, ನಿಜ ದೂರ 28. ಕಳೆದ ಓರೆ ಐದರದೋ ಹತ್ತರದೋ ಎಂದು ಮರೆಯುವುದು ಸಹಜ. ಆದ್ದರಿಂದ ಕಾಯಿ ನಡೆಸುವಾಗ ಮೊತ್ತವನ್ನೇ ಬಾಯಿಬಿಟ್ಟು ಹೇಳಿ: ಐದು, ಹದಿನೈದು, ಇಪ್ಪತ್ತು, ಮೂವತ್ತು.

ಎ4 ಹಾಳೆಯಲ್ಲಿ 8×11 ಮನೆ ಹಿಡಿಯುತ್ತವೆ. ಮುದ್ರಿಸುವಾಗ ಅಳತೆ 100% ಇರಲಿ. ‘ಫಿಟ್ ಟು ಪೇಜ್’ ಒತ್ತಿದರೆ ಮನೆ ಕುಗ್ಗಿ, 25 ಮಿ.ಮೀ. ಕಾಯಿ ಪಕ್ಕದ ಮನೆಗೆ ಚಾಚಿಕೊಳ್ಳುತ್ತದೆ.

ಷಟ್ಕೋನದಲ್ಲಿ ಓರೆಯ ತಂಟೆಯೇ ಇಲ್ಲ, ಆರು ದಿಕ್ಕಿಗೂ ಒಂದೇ ದೂರ. ಕಾಡಿಗೆ, ಬಯಲಿಗೆ ಒಳ್ಳೆಯದು. ಕೋಣೆಯಲ್ಲಿ ಮಾತ್ರ ಗೋಡೆ ಮನೆಗಳನ್ನು ಸೀಳುತ್ತದೆ. ಅರ್ಧ ಮನೆಯಲ್ಲಿ ನಿಲ್ಲಬಹುದೇ ಎಂಬುದನ್ನು ಆಟಕ್ಕೆ ಮೊದಲೇ ತೀರ್ಮಾನಿಸಿ.

ಗೆರೆಯಿಲ್ಲದ ಮೇಜಿಗೆ ಟೇಪಿಗಿಂತ ಆರು ಇಂಚಿನ ಹತ್ತಿ ದಾರ ವಾಸಿ, ಕಂಬ ಬಳಸಿ ಹೋಗುವ ದಾರಿಗೂ ಅದು ಬಾಗುತ್ತದೆ. ಇಂಚಿಗೊಂದು ಗುರುತನ್ನು ಪೆನ್ನಿನಿಂದ ಹಾಕಿ. ಗಂಟು ಹಾಕಿದರೆ ದಾರ ಗಿಡ್ಡವಾಗುತ್ತದೆ. ಕಾಯಿಯ ಮುಂದಿನ ಅಂಚಿನಿಂದ ಅಳೆದು ಹಿಂದಿನ ಅಂಚನ್ನು ಅಲ್ಲಿಗೆ ತಂದಿಟ್ಟರೆ ಪ್ರತಿ ಸರದಿಗೆ 5 ಅಡಿ ಪುಕ್ಕಟೆ ಸಿಗುತ್ತದೆ. ಮುಂದಿನ ಅಂಚಿನಿಂದ ಮುಂದಿನ ಅಂಚಿಗೇ ಅಳೆಯಬೇಕು.

ಫೇಟ್ ಎಂಬ ಇನ್ನೊಂದು ಪಾತ್ರದಾಟದಂತೆ ರಣರಂಗವನ್ನು ವಲಯಗಳಾಗಿ ಹಂಚುವುದಾದರೆ ಸೇತುವೆ, ಅಂಗಳ, ಅಟ್ಟ ಎಂದು ಬರೆದ ಮೂರರಿಂದ ಐದು ಚೀಟಿ ಸಾಕು. ಸರದಿಗೆ ಒಂದು ವಲಯ ದಾಟಬಹುದು. ಆಟ ಬೇಗ ಸಾಗುವುದರಲ್ಲಿ ಇದಕ್ಕೆ ಸಾಟಿಯಿಲ್ಲ. ಆದರೆ 25 ಅಡಿ ವೇಗದ ಕುಳ್ಳನಿಗೂ ‘ಮೊಬೈಲ್’ ಎಂಬ ವಿಶೇಷ ಸಾಮರ್ಥ್ಯ (ಫೀಟ್) ತೆಗೆದುಕೊಂಡು 40 ಅಡಿ ಓಡುವವನಿಗೂ ವ್ಯತ್ಯಾಸ ಉಳಿಯದು, ಅದು ಆ ಓಟಗಾರನನ್ನು ಆಡಿಸುವವನಿಗೆ ಅನ್ಯಾಯ. 40 ಅಡಿ ಮುಟ್ಟಿದವರಿಗೆ ಎರಡು ವಲಯ ಕೊಡಿ. ಯಾರು ಯಾರ ಜೊತೆ ಕೈಕೈ ಮಿಲಾಯಿಸಿದ್ದಾರೆ ಎಂಬುದು ಗೊತ್ತಾಗಲು ಆ ಕಾಯಿಗಳನ್ನು ಒಂದಕ್ಕೊಂದು ತಾಗಿಸಿಡಿ. ಮಂತ್ರಕ್ಕೆ ಸಿಕ್ಕವರೆಷ್ಟು ಎನ್ನಲು ಗೋಳದ ತ್ರಿಜ್ಯವನ್ನು 5ರಿಂದ ಭಾಗಿಸಿ. ಫೈರ್‌ಬಾಲ್‌ಗೆ ನಾಲ್ವರು.