ಹಣ ಕೊಟ್ಟ ಮೇಲೆ ಬದಲಾಗುವ ಷರತ್ತುಗಳು: ಗೇಮ್ ಕೊಳ್ಳುವವರು ತಿಳಿದಿರಬೇಕಾದದ್ದು

ಪೂರ್ತಿ ಹಣ ಕೊಟ್ಟು ಕೊಂಡ ಗೇಮ್ ಒಂದು ದಿನ ತೆರೆದುಕೊಳ್ಳುವ ಮೊದಲು ‘ನಮ್ಮ ಷರತ್ತುಗಳು ಬದಲಾಗಿವೆ’ ಎಂಬ ಪರದೆ ತೋರಿಸಿದರೆ, ಅವಸರದಲ್ಲಿ ‘ಒಪ್ಪುತ್ತೇನೆ’ ಗುಂಡಿ ಒತ್ತಬೇಡಿ. ಒತ್ತುವವರೆಗೆ ನಿಮ್ಮ ಮಾತಿಗೆ ಅಲ್ಪಸ್ವಲ್ಪ ಬೆಲೆಯಿರುತ್ತದೆ. ಒತ್ತಿದ ಮೇಲೆ ಜುಟ್ಟು ಪೂರ್ತಿ ಅವರ ಕೈಯಲ್ಲಿ. ನನಗೆ ಆದದ್ದು ಇನ್ನೊಬ್ಬರಿಗೆ ಆಗಬಾರದೆಂದು ವಿವರವಾಗಿ ಬರೆಯುತ್ತಿದ್ದೇನೆ. ಗೇಮ್ ಪ್ರಕಾಶಕರ ಹೆಸರನ್ನಾಗಲಿ, ಮಾರಿದ ಆನ್‌ಲೈನ್ ಅಂಗಡಿಯ ಹೆಸರನ್ನಾಗಲಿ ಹೇಳುವುದಿಲ್ಲ. ಇದೇ ದಾರಿಯನ್ನು ಹಲವರು ಹಿಡಿದಿರುವುದರಿಂದ ಒಂದು ಹೆಸರು ತಿಳಿದರೆ ಉಳಿದವರ ಬಗ್ಗೆ ನೀವು ಮೈಮರೆಯಬಹುದು.

ಅದು ಒಬ್ಬರೇ ಕುಳಿತು ಆಡುವ, ನಗರ ಕಟ್ಟುವ ಗೇಮ್. ಎದುರಾಳಿಗಳಿಲ್ಲ, ಇಂಟರ್‌ನೆಟ್ ಬೇಕಿಲ್ಲ. ಕೊಂಡಾಗ ಅಂಗಡಿಯ ಪುಟದಲ್ಲಿ ಪ್ರಕಾಶಕರ ಪ್ರತ್ಯೇಕ ಖಾತೆ ಬೇಕೆಂಬ ಮಾತೇ ಇರಲಿಲ್ಲ. ಅದರ ಅಕ್ಷರಗಳು ನನ್ನ ಕಣ್ಣಿಗೆ ತೀರಾ ಸಣ್ಣವು. ಯಾರೋ ಪುಣ್ಯಾತ್ಮರು ಅಕ್ಷರಗಳನ್ನು ಹಿಗ್ಗಿಸುವ ಒಂದು ‘ಮಾಡ್’ (ಗೇಮ್‌ಗೆ ಆಟಗಾರರೇ ಮಾಡಿ ಸೇರಿಸುವ ಮಾರ್ಪಾಡು) ಬರೆದು ಎಲ್ಲರಿಗೂ ಉಚಿತವಾಗಿ ಹಂಚಿದ್ದರು. ಅದನ್ನು ಸೇರಿಸಿಕೊಂಡ ಮೇಲೆಯೇ ನನಗೆ ನೆಮ್ಮದಿಯಿಂದ ಆಡಲು ಸಾಧ್ಯವಾದದ್ದು. ಕೆಲವು ವರ್ಷ ಏನೂ ತೊಂದರೆಯಿಲ್ಲದೆ ನಡೆಯಿತು.

ಆಮೇಲೆ ಒಂದು ಅಪ್‌ಡೇಟ್ ತನ್ನಷ್ಟಕ್ಕೆ ಇಳಿದುಕೊಂಡಿತು. ಗೇಮ್ ತೆರೆದರೆ ಹೊಸ ಪರವಾನಗಿ ಒಪ್ಪಂದ. ಕೆಳಗೆ ಎರಡೇ ಗುಂಡಿಗಳು: ಒಪ್ಪಿಕೊಳ್ಳಿ, ಇಲ್ಲವೇ ಹೊರನಡೆಯಿರಿ. ಹಳೆಯ ಷರತ್ತಿನಲ್ಲೇ ಮುಂದುವರಿಯುವ ದಾರಿ ಇರಲಿಲ್ಲ. ನಾನು ಒಪ್ಪಂದವನ್ನು ಕೊನೆಯವರೆಗೂ ಓದಿದೆ. ಪ್ರಕಾಶಕರ ಬಳಿ ಖಾತೆ ತೆರೆಯುವುದು ಇನ್ನು ಕಡ್ಡಾಯ. ನನ್ನ ಕಂಪ್ಯೂಟರಿನ ವಿವರ, ನಾನು ಯಾವಾಗ ಎಷ್ಟು ಹೊತ್ತು ಆಡುತ್ತೇನೆ ಎಂಬ ಲೆಕ್ಕ, ಇವನ್ನೆಲ್ಲ ಸಂಗ್ರಹಿಸಿ ‘ಪಾಲುದಾರ’ರಿಗೆ ಕೊಡಬಹುದು. ಯಾವ ಬಗೆಯ ಮಾಡ್ ಬಳಸಿದರೂ ಖಾತೆ ರದ್ದು. ತಕರಾರು ಬಂದರೆ ನ್ಯಾಯಾಲಯಕ್ಕೆ ಹೋಗುವಂತಿಲ್ಲ, ಖಾಸಗಿ ಮಧ್ಯಸ್ಥಿಕೆಗೆ ಮಾತ್ರ ಹೋಗಬೇಕು. ಅದೂ ಒಬ್ಬೊಬ್ಬರಾಗಿ, ಹತ್ತು ಜನ ಸೇರಿ ಅಲ್ಲ. ಕೊನೆಯಲ್ಲಿ ಎಲ್ಲಕ್ಕೂ ಕಿರೀಟವಿಟ್ಟಂತೆ ಇನ್ನೊಂದು ಸಾಲು: ಈ ಷರತ್ತುಗಳನ್ನು ಪ್ರಕಾಶಕರು ಯಾವಾಗ ಬೇಕಾದರೂ ಬದಲಿಸಬಹುದು, ನೀವು ಆಡುತ್ತಾ ಹೋದರೆ ಅದನ್ನೂ ಒಪ್ಪಿದಂತೆ.

ಅಂದರೆ ಕಣ್ಣಿಗೆ ಕಾಣಲೆಂದು ಅಕ್ಷರ ದೊಡ್ಡದು ಮಾಡಿಕೊಂಡದ್ದೂ ಈಗ ಅಪರಾಧದ ಪಟ್ಟಿಗೆ ಸೇರಿತು. ನನಗೆ ತಡೆಯಲಾಗದಷ್ಟು ಸಿಟ್ಟು ಬಂದದ್ದು ಇದಕ್ಕೆ. ಮೋಸದಾಟ ತಡೆಯಲು ಮಾಡ್ ನಿಷೇಧಿಸುತ್ತೇವೆ ಎನ್ನುವುದನ್ನು ಹತ್ತಾರು ಜನ ಒಟ್ಟಿಗೆ ಆಡುವ ಗೇಮ್‌ಗಳಲ್ಲಿ ಒಪ್ಪಬಹುದು. ಒಬ್ಬರೇ ಆಡುವ ಗೇಮ್‌ನಲ್ಲಿ ಯಾರು ಯಾರಿಗೆ ಮೋಸ ಮಾಡುತ್ತಾರೆ?

ಹೊರನಡೆಯುವ ಗುಂಡಿ ಒತ್ತಿದೆ. ಮತ್ತೆ ತೆರೆದರೆ ಮತ್ತದೇ ಪರದೆ. ಇಂಟರ್‌ನೆಟ್ ಸಂಪರ್ಕ ಕಡಿದು ನೋಡಿದೆ. ಹೊಸ ಆವೃತ್ತಿ ಆಗಲೇ ಹಳೆಯದರ ಮೇಲೆ ಕುಳಿತುಬಿಟ್ಟಿತ್ತು, ಲಾಗಿನ್ ಆಗದೆ ಮುಂದೆ ಹೋಗಲು ಬಿಡಲಿಲ್ಲ. ನಾನು ಕಟ್ಟಿದ ನಗರಗಳ ಸೇವ್ ಫೈಲ್‌ಗಳು ನನ್ನ ಡಿಸ್ಕಿನಲ್ಲೇ ಇವೆ, ಆದರೆ ಅವನ್ನು ತೆರೆಯುವ ಗೇಮ್ ಅವರ ಒಪ್ಪಿಗೆಯಿಲ್ಲದೆ ಚಾಲೂ ಆಗುವುದಿಲ್ಲ.

ಪ್ರಕಾಶಕರ ಗ್ರಾಹಕ ಸೇವೆಗೆ ಬರೆದೆ. ನೀವು ಪಡೆದದ್ದು ಬಳಕೆಯ ಪರವಾನಗಿ ಮಾತ್ರ, ಹಣ ವಾಪಸ್ ಬೇಕಿದ್ದರೆ ಅಂಗಡಿಯನ್ನು ಕೇಳಿ ಎಂದರು. ಅಂಗಡಿಗೆ ಬರೆದರೆ ಮರುಪಾವತಿಯ ಅವಧಿ ಮುಗಿದಿದೆ, ಷರತ್ತಿನ ವಿಷಯವನ್ನು ಪ್ರಕಾಶಕರ ಬಳಿ ಮಾತನಾಡಿ ಎಂದರು. ಈ ಅಡಕತ್ತರಿಯಲ್ಲಿ ಸಿಕ್ಕಿದ ಮೇಲೆ ನಾನು ಪ್ರಕಾಶಕರಿಗೆ ಒಂದೇ ಪ್ರಶ್ನೆ ಕೇಳಿದೆ: ನಾನು ಕೊಂಡ ದಿನ ಜಾರಿಯಲ್ಲಿದ್ದ ಒಪ್ಪಂದದ ಪ್ರತಿ ಕಳುಹಿಸಿ. ಉತ್ತರವಾಗಿ ಬಂದದ್ದು ಹೊಸ ಒಪ್ಪಂದದ ಕೊಂಡಿ. ಹಳೆಯ ಒಪ್ಪಂದವಿದ್ದ ವಿಳಾಸದಲ್ಲೂ ಈಗ ಹೊಸದೇ ಕುಳಿತಿದೆ. ಇಂಟರ್‌ನೆಟ್ ಆರ್ಕೈವ್ ಎಂಬ ಸಂಸ್ಥೆ ನಡೆಸುವ ವೇಬ್ಯಾಕ್ ಮಷೀನ್‌ನಲ್ಲಿ ಹಳೆಯ ಪುಟದ ಪ್ರತಿ ಸಿಗದೇ ಹೋಗಿದ್ದರೆ, ನಾನು ಯಾವ ಷರತ್ತಿಗೆ ಹಣ ಕೊಟ್ಟಿದ್ದೆ ಎಂಬುದಕ್ಕೆ ಸಾಕ್ಷಿಯೇ ಇರುತ್ತಿರಲಿಲ್ಲ. ಆ ಹಳೆಯ ಪ್ರತಿಯಲ್ಲೂ ‘ಷರತ್ತುಗಳನ್ನು ಪರಿಷ್ಕರಿಸುವ ಹಕ್ಕು ನಮ್ಮದು’ ಎಂಬ ವಾಕ್ಯ ಇತ್ತು. ಬಲೆಯನ್ನು ಮೊದಲ ದಿನವೇ ಹೆಣೆದಿದ್ದರು, ಎಳೆದದ್ದು ಮಾತ್ರ ಈಗ.

ನಾನು ಒಪ್ಪಲಿಲ್ಲ. ಗೇಮ್ ಇಂದಿಗೂ ನನ್ನ ಖಾತೆಯ ಪಟ್ಟಿಯಲ್ಲಿದೆ, ತೆರೆಯುವುದಿಲ್ಲ.

ಇದು ಎಲ್ಲೋ ಒಂದು ಕಡೆ ನಡೆದ ಅಪರೂಪದ ಘಟನೆ ಎಂದುಕೊಳ್ಳಬೇಡಿ. ಸೋನಿ ಕಂಪನಿಯ ಪ್ಲೇಸ್ಟೇಷನ್ 3 ಎಂಬ ಗೇಮ್ ಯಂತ್ರ ಮಾರುಕಟ್ಟೆಗೆ ಬಂದಾಗ ಅದರಲ್ಲಿ ಲಿನಕ್ಸ್ ಎಂಬ ಕಾರ್ಯಾಚರಣೆ ವ್ಯವಸ್ಥೆ ಹಾಕಿಕೊಳ್ಳುವ ಸೌಲಭ್ಯವಿತ್ತು. 2010ರ ಏಪ್ರಿಲ್ 1ರಂದು ಬಂದ 3.21 ಅಪ್‌ಡೇಟ್ ಅದನ್ನು ಕಿತ್ತುಹಾಕಿತು. ಅಪ್‌ಡೇಟ್ ಬೇಡವೆಂದರೆ ಆನ್‌ಲೈನ್ ಆಟ ಬಂದ್. ಗ್ರಾಹಕರು ಒಟ್ಟಾಗಿ ಹೂಡಿದ ದಾವೆ ವರ್ಷಗಟ್ಟಲೆ ನಡೆದು ರಾಜಿಯಲ್ಲಿ ಮುಗಿಯಿತು. ಆ ‘ಒಟ್ಟಾಗಿ’ ಎಂಬುದೇ ಇಂದು ಹಲವು ಒಪ್ಪಂದಗಳಲ್ಲಿ ಮುಚ್ಚಿರುವ ಬಾಗಿಲು. ಸಾಮೂಹಿಕ ದಾವೆಯನ್ನು ಬಿಟ್ಟುಕೊಡುವ ಷರತ್ತನ್ನು ಒಪ್ಪಂದದಲ್ಲಿ ಸೇರಿಸಬಹುದೆಂದು ಅಮೆರಿಕದ ಸುಪ್ರೀಂ ಕೋರ್ಟ್ 2011ರ ಏಪ್ರಿಲ್‌ನಲ್ಲಿ ಮೊಬೈಲ್ ಕಂಪನಿಯೊಂದರ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಅದೇ ವರ್ಷ ಸೋನಿ ತನ್ನ ಆನ್‌ಲೈನ್ ಸೇವೆಯ ಷರತ್ತುಗಳಿಗೆ ಆ ಸಾಲನ್ನು ಸೇರಿಸಿತು, ಮರುವರ್ಷ ಸ್ಟೀಮ್ ಅಂಗಡಿಯ ವಾಲ್ವ್ ಕಂಪನಿಯೂ ಸೇರಿಸಿತು. ವಾಲ್ವ್ 2024ರ ಸೆಪ್ಟೆಂಬರ್‌ನಲ್ಲಿ ಮಧ್ಯಸ್ಥಿಕೆಯ ಷರತ್ತನ್ನು ತೆಗೆದುಹಾಕಿತು ಎಂಬುದನ್ನೂ ಹೇಳಬೇಕು.

ಯೂಬಿಸಾಫ್ಟ್ ಕಂಪನಿಯ ‘ದ ಕ್ರೂ’ ಎಂಬ ಕಾರು ಓಟದ ಗೇಮ್ 2014ರಲ್ಲಿ ಬಂದದ್ದು. ಸದಾ ಇಂಟರ್‌ನೆಟ್ ಬೇಡುತ್ತಿದ್ದ ಅದರ ಸರ್ವರ್‌ಗಳನ್ನು 2024ರ ಮಾರ್ಚ್ 31ರಂದು ನಿಲ್ಲಿಸಿದರು. ಅಷ್ಟಕ್ಕೇ ಬಿಡದೆ, ಕೊಂಡವರ ಖಾತೆಗಳಿಂದ ಪರವಾನಗಿಯನ್ನೇ ಹಿಂತೆಗೆದುಕೊಂಡರು. ಇದೇ ಕಾರಣಕ್ಕೆ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಚಳವಳಿ ಹುಟ್ಟಿತು. ಅದು ಯುರೋಪಿನಲ್ಲಿ ಸಲ್ಲಿಸಿದ ನಾಗರಿಕ ಮನವಿಗೆ 2025ರ ಜುಲೈ ವೇಳೆಗೆ 10 ಲಕ್ಷಕ್ಕೂ ಹೆಚ್ಚು ಸಹಿಗಳು ಬಿದ್ದವು. 2024ರ ಜನವರಿಯಲ್ಲಿ ಕ್ಯಾಪ್ಕಾಮ್ ಕಂಪನಿ ತನ್ನ ಹಳೆಯ ಗೇಮ್ ಒಂದಕ್ಕೆ, ಜನ ಕೊಂಡು ವರ್ಷಗಳಾದ ಮೇಲೆ, ಹೊಸದಾಗಿ ನಕಲು ತಡೆಯ ತಂತ್ರಾಂಶ ಸೇರಿಸಿತು. ಮಾಡ್‌ಗಳು ಕೆಲಸ ಮಾಡುತ್ತಿಲ್ಲವೆಂದು ಜನ ದೂರಿದ ಮೇಲೆ ಆ ಅಪ್‌ಡೇಟನ್ನು ಹಿಂದಕ್ಕೆ ಪಡೆಯಿತು. 2025ರಲ್ಲಿ ಟೇಕ್‌ಟೂ ಕಂಪನಿ ತನ್ನ ಸೇವಾ ಷರತ್ತುಗಳನ್ನು ಬದಲಿಸಿದಾಗ ಅದರ 2012ರ ಗೇಮ್ ‘ಬಾರ್ಡರ್‌ಲ್ಯಾಂಡ್ಸ್ 2’ಕ್ಕೆ ಸ್ಟೀಮ್‌ನಲ್ಲಿ ಸಿಟ್ಟಿನ ವಿಮರ್ಶೆಗಳ ಸುರಿಮಳೆಯಾಯಿತು. ಗೂಢಚರ್ಯೆಯ ತಂತ್ರಾಂಶವಿದೆ ಎಂಬ ಆರೋಪವನ್ನು ಕಂಪನಿ ಅಲ್ಲಗಳೆಯಿತು. ಆ ಆರೋಪದ ಮಾತು ಹಾಗಿರಲಿ. ಅಷ್ಟು ಹಳೆಯ ಗೇಮ್ ಕೊಂಡವರ ಮೇಲೆ ಹೊಸ ಒಪ್ಪಂದ ಹೇರುವುದೇ ನನ್ನ ದೃಷ್ಟಿಯಲ್ಲಿ ಅನ್ಯಾಯ.

ಜನ ಒಟ್ಟಾಗಿ ಕೂಗಿದರೆ ಕೆಲಸವಾಗುತ್ತದೆ ಎಂಬುದಕ್ಕೆ ‘ಹೆಲ್‌ಡೈವರ್ಸ್ 2’ ಗೇಮ್ ಸಾಕ್ಷಿ. ಕಂಪ್ಯೂಟರಿನಲ್ಲಿ ಆಡುವವರೂ ಪ್ಲೇಸ್ಟೇಷನ್ ಖಾತೆ ಜೋಡಿಸಲೇಬೇಕೆಂದು 2024ರ ಮೇ ತಿಂಗಳಲ್ಲಿ ಸೋನಿ ಹೇಳಿತು. ಅಂಗಡಿಯ ಪುಟದಲ್ಲಿ ಆ ಬಗ್ಗೆ ಸೂಚನೆ ಇದ್ದದ್ದು ನಿಜ. ಆದರೆ ಬಿಡುಗಡೆಯಾದಾಗ ಅದನ್ನು ಜಾರಿ ಮಾಡಿರಲಿಲ್ಲ, ಆ ಖಾತೆಯೇ ಸಿಗದ ದೇಶಗಳಲ್ಲೂ ಗೇಮ್ ಮಾರಿದ್ದರು. ಪ್ರತಿಭಟನೆ ಎಷ್ಟು ಜೋರಾಯಿತೆಂದರೆ ಕೆಲವೇ ದಿನಗಳಲ್ಲಿ ನಿರ್ಧಾರ ಹಿಂದಕ್ಕೆ ಹೋಯಿತು.

ಕಾನೂನು ಏನು ಹೇಳುತ್ತದೆ ಎಂದು ಹುಡುಕಿದಾಗ ಸಿಕ್ಕದ್ದು ಒಂದೇ ದಿಕ್ಕಿನ ಉತ್ತರವಲ್ಲ. ತಂತ್ರಾಂಶ ಕೊಂಡವರು ಅದರ ಮಾಲೀಕರಲ್ಲ, ಪರವಾನಗಿದಾರರು ಮಾತ್ರ ಎಂಬ ವಾದವನ್ನು ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದು 2010ರ ಆಟೋಡೆಸ್ಕ್ ಪ್ರಕರಣದಲ್ಲಿ ಎತ್ತಿಹಿಡಿಯಿತು. ಅದೇ ನ್ಯಾಯಾಲಯ 2007ರಲ್ಲಿ, ದೂರವಾಣಿ ಕಂಪನಿಯೊಂದರ ಪ್ರಕರಣದಲ್ಲಿ, ಗ್ರಾಹಕನಿಗೆ ತಿಳಿಸದೆ ಜಾಲತಾಣದಲ್ಲಿ ಷರತ್ತು ಬದಲಿಸಿದರೆ ಅದು ಅವನನ್ನು ಕಟ್ಟಿಹಾಕುವುದಿಲ್ಲ ಎಂದಿತ್ತು. ಆ ಎರಡು ಗುಂಡಿಗಳ ಪರದೆ ನಮ್ಮ ಮುಂದೆ ಏಕೆ ಬರುತ್ತದೆ ಎಂಬುದು ನನಗೆ ಸ್ಪಷ್ಟವಾದದ್ದು ಇದನ್ನು ಓದಿದಾಗ. ನಿಮಗೆ ತಿಳಿಸಿದ್ದೆವು, ನೀವು ಒಪ್ಪಿದ್ದೀರಿ ಎಂದು ನಾಳೆ ತೋರಿಸಲು ಅವರಿಗೆ ನಿಮ್ಮ ಬೆರಳಿನ ಆ ಒತ್ತು ಬೇಕು. ಬೇಕಿರುವುದರಿಂದಲೇ ಅದಕ್ಕೆ ಬೆಲೆಯಿದೆ.

ಯುರೋಪಿನ ನಿಯಮ ಇದಕ್ಕಿಂತ ಗ್ರಾಹಕರ ಪರವಾಗಿದೆ. 2022ರಿಂದ ಅನ್ವಯವಾದ ಡಿಜಿಟಲ್ ಸರಕಿನ ನಿರ್ದೇಶನದ ಪ್ರಕಾರ, ದೀರ್ಘಾವಧಿಗೆ ಒದಗಿಸುವ ಡಿಜಿಟಲ್ ಸರಕನ್ನು ಬದಲಿಸಲು ಒಪ್ಪಂದದಲ್ಲಿ ಅವಕಾಶವೂ ಸಕಾರಣವೂ ಇರಬೇಕು, ಗ್ರಾಹಕನ ಮೇಲೆ ಹೆಚ್ಚುವರಿ ಖರ್ಚು ಬೀಳಬಾರದು. ಬದಲಾವಣೆಯಿಂದ ಅಲ್ಪವಲ್ಲದ ತೊಂದರೆಯಾದರೆ 30 ದಿನಗಳೊಳಗೆ ಒಪ್ಪಂದವನ್ನೇ ಮುಗಿಸಬಹುದು. ಬದಲಾಗದ ಹಳೆಯದನ್ನೇ ಇಟ್ಟುಕೊಳ್ಳಲು ಮಾರಾಟಗಾರ ಬಿಟ್ಟರೆ ಮಾತ್ರ ಈ ಹಕ್ಕು ಅನ್ವಯಿಸದು. ನಾನು ಕೇಳಿದ್ದೂ ಇಷ್ಟೇ: ಹಳೆಯದನ್ನು ಉಳಿಸಿಕೊಡಿ, ಇಲ್ಲವೇ ಹಣ ಹಿಂದಿರುಗಿಸಿ. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ, ಕೊಳ್ಳುವವನಿಗೆ ಸಿಗುವುದು ಪರವಾನಗಿ ಮಾತ್ರ ಎಂಬುದನ್ನು ಡಿಜಿಟಲ್ ಅಂಗಡಿಗಳು ಮೊದಲೇ ಸ್ಪಷ್ಟವಾಗಿ ತಿಳಿಸಬೇಕು. ಅದರಿಂದ ನಮ್ಮ ಹಕ್ಕು ಹೆಚ್ಚಲಿಲ್ಲ, ತಿಳಿವಳಿಕೆ ಹೆಚ್ಚಿತು. ಶಾಶ್ವತವಾಗಿ ಇಳಿಸಿಕೊಂಡು ಇಂಟರ್‌ನೆಟ್ ಇಲ್ಲದೆಯೇ ಬಳಸಬಹುದಾದ ಸರಕಿಗೆ ಆ ಕಾನೂನು ವಿನಾಯಿತಿ ಕೊಟ್ಟಿದೆ. ನಾವು ಹುಡುಕಬೇಕಾದದ್ದು ಅಂಥವನ್ನೇ.

ಹಾಗಾಗಿ ಕೊಳ್ಳುವಾಗಲೇ ಒಂದಷ್ಟು ಕೆಲಸ ಮಾಡಿಟ್ಟುಕೊಳ್ಳಿ. ಅಂಗಡಿಯ ಪುಟ ಮತ್ತು ಒಪ್ಪಂದ ಎರಡನ್ನೂ ದಿನಾಂಕ ಕಾಣುವಂತೆ ಪಿಡಿಎಫ್ ಮಾಡಿ ಉಳಿಸಿ, ರಸೀದಿಯ ಜೊತೆಗೇ ಇಡಿ. ಖಾತೆ ಕಡ್ಡಾಯವೇ, ನಕಲು ತಡೆಯ ತಂತ್ರಾಂಶ ಇದೆಯೇ ಎಂಬುದು ಪುಟದ ಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ, ಅದನ್ನು ಓದದೆ ಹಣ ಕೊಡಬೇಡಿ. ಅದೇ ಗೇಮ್ ಗಾಗ್ (GOG) ಎಂಬ ಆನ್‌ಲೈನ್ ಅಂಗಡಿಯಲ್ಲೂ ಸಿಗುವುದಾದರೆ ಅಲ್ಲಿಂದ ಕೊಳ್ಳುವುದು ಮೇಲು. ಅಲ್ಲಿ ಇಳಿಸಿಕೊಂಡ ಇನ್‌ಸ್ಟಾಲರ್ ಕಡತವನ್ನು ಬೇರೆ ಡಿಸ್ಕಿನಲ್ಲಿ ಇಟ್ಟುಕೊಂಡರೆ, ನಾಳೆ ಷರತ್ತು ಏನೇ ಆದರೂ ಆ ಕಡತ ತನ್ನಷ್ಟಕ್ಕೆ ಬದಲಾಗುವುದಿಲ್ಲ. ಸ್ಟೀಮ್‌ನಲ್ಲಿ ಅಪ್‌ಡೇಟನ್ನು ಪೂರ್ತಿ ನಿಲ್ಲಿಸಲು ಬಾರದು. ಗೇಮ್ ತೆರೆದಾಗ ಮಾತ್ರ ಅಪ್‌ಡೇಟ್ ಆಗುವಂತೆ ಮಾಡಿ, ಆಫ್‌ಲೈನ್ ಸ್ಥಿತಿಯಲ್ಲಿ ಆಡಬಹುದು. ಅಲ್ಲಿನ ಸಾಮಾನ್ಯ ಮರುಪಾವತಿ ನಿಯಮ 14 ದಿನ ಮತ್ತು 2 ಗಂಟೆಯ ಆಟಕ್ಕೆ ಸೀಮಿತ. ಷರತ್ತು ಬದಲಾಗುವುದು ಅದೆಲ್ಲ ಮುಗಿದ ಎಷ್ಟೋ ಕಾಲದ ಮೇಲೆ.

ಮನೆಯಲ್ಲಿ ಮಕ್ಕಳು ನಿಮ್ಮ ಖಾತೆಯಲ್ಲಿ ಆಡುತ್ತಿದ್ದರೆ ಅವರಿಗೂ ಇದನ್ನು ಹೇಳಿಡಿ. ಆಟದ ಆತುರದಲ್ಲಿರುವ ಮಗು ಆ ಪರದೆಯನ್ನು ಕ್ಷಣದಲ್ಲಿ ದಾಟುತ್ತದೆ, ಒಪ್ಪಿಗೆ ನಿಮ್ಮ ಹೆಸರಿನಲ್ಲಿ ದಾಖಲಾಗುತ್ತದೆ.

ಪರದೆ ಬಂದೇ ಬಿಟ್ಟರೆ ಮೊದಲು ಅದರ ಚಿತ್ರ ತೆಗೆದುಕೊಳ್ಳಿ, ಸೇವ್ ಫೈಲ್‌ಗಳನ್ನು ಬೇರೆಡೆ ನಕಲಿಸಿ. ಒಪ್ಪದೆ ಬೇರೆ ದಾರಿಯೇ ಇಲ್ಲ ಎನಿಸಿದರೂ ಮಧ್ಯಸ್ಥಿಕೆಯ ಭಾಗವನ್ನು ಮಾತ್ರ ತಪ್ಪದೆ ಓದಿ. ಕೆಲವು ಒಪ್ಪಂದಗಳಲ್ಲಿ 30 ದಿನಗಳೊಳಗೆ ಪತ್ರ ಬರೆದು ಆ ಷರತ್ತಿನಿಂದ ಹೊರಗುಳಿಯುವ ಅವಕಾಶವನ್ನು ಒಳಗೆಲ್ಲೋ ಹುದುಗಿಸಿಟ್ಟಿರುತ್ತಾರೆ. 2011ರ ಸೋನಿ ಷರತ್ತಿನಲ್ಲೂ ಅದಿತ್ತು. ದೂರು ಬರೆಯುವಾಗ ಸಿಟ್ಟನ್ನು ಬದಿಗಿಟ್ಟು, ಕೊಂಡ ದಿನಾಂಕ, ಷರತ್ತು ಬದಲಾದ ದಿನಾಂಕ, ಮೊದಲು ಸಾಧ್ಯವಿದ್ದು ಈಗ ಇಲ್ಲವಾದದ್ದು ಏನು ಎಂಬುದನ್ನಷ್ಟೇ ಬರೆದು, ಹಳೆಯ ಆವೃತ್ತಿ ಅಥವಾ ಪೂರ್ತಿ ಹಣ, ಎರಡರಲ್ಲಿ ಒಂದನ್ನು ಕೇಳಿ. ಹಣ ಕೊಡಲು ಬರುವುದಿಲ್ಲ ಎಂದರೆ ‘ರಾಕೆಟ್ ಲೀಗ್’ ಗೇಮ್‌ನ ಉದಾಹರಣೆ ಕೊಡಿ: 2020ರಲ್ಲಿ ಮ್ಯಾಕ್ ಮತ್ತು ಲಿನಕ್ಸ್ ಬೆಂಬಲ ನಿಲ್ಲಿಸಿದಾಗ, ಅವುಗಳಲ್ಲಿ ಆಡುತ್ತಿದ್ದವರಿಗೆ ಕೊಂಡು ಎಷ್ಟು ಕಾಲವಾಗಿದ್ದರೂ ಹಣ ಹಿಂದಿರುಗಿಸುವ ವ್ಯವಸ್ಥೆ ಮಾಡಿದ್ದರು.